ಹೊಳಪಿನ ಕೆಳಗಿದ್ದ ನೆಲ

ಮುಂಬಯಿಯ ಮಾಟುಂಗಾದ ನಮ್ಮ ಮನೆಯದು ಹಳೆಯ ಮೊಸಾಯಿಕ್ ನೆಲ. ಬಿಳಿ ಸಿಮೆಂಟಿನಲ್ಲಿ ಹಸಿರು, ಕಪ್ಪು, ಕಂದು ಅಮೃತಶಿಲೆಯ ಚೂರುಗಳನ್ನು ಕೂರಿಸಿ ಉಜ್ಜಿದ ಇದನ್ನೇ ಈಗಿನವರು ಟೆರಾಝೋ ಎಂದು ಕರೆದು ದುಬಾರಿ ಮಾಡಿದ್ದಾರೆ. ಕೆಲವು ವರ್ಷಗಳ ಹಿಂದೆ ಯಾರೋ ಬಳಿದುಹೋಗಿದ್ದ ಕೋಟಿಂಗ್ ಹಳದಿಗಟ್ಟಿ, ಓಡಾಡುವ ಜಾಗದಲ್ಲಿ ಸವೆದು, ಕಪಾಟಿನ ಸುತ್ತ ಮಾತ್ರ ದಪ್ಪವಾಗಿ ಉಳಿದಿತ್ತು.

ಪಾಲಿಶ್ ಮಾಡಿಸೋಣವೆಂದು ಮೊದಲು ಕರೆಸಿದವನು ನೇರವಾಗಿ ಯಂತ್ರವನ್ನೇ ಓಡಿಸಿದ. ಅರ್ಧ ಗಂಟೆಯೊಳಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮನೆಯೆಲ್ಲ ಹರಡಿತು. ಬಿಸಿಗೆ ಕರಗಿದ ಕೋಟಿಂಗ್, ಯಂತ್ರದಡಿಯ ವಜ್ರದ ಪುಡಿ ಕೂರಿಸಿದ ಪ್ಯಾಡಿಗೆ ಅಂಟಿ, ಪ್ಯಾಡು ಉಜ್ಜುವುದನ್ನು ಬಿಟ್ಟು ನೆಲದ ಮೇಲೆ ಜಾರತೊಡಗಿತು. ಆಸಿಡ್ ಸುರಿದರೆ ಹೋಗುತ್ತದೆ ಎಂದ ಅವನನ್ನು ಅಲ್ಲಿಗೇ ಕಳುಹಿಸಿಬಿಟ್ಟೆ. ಅಡುಗೆಮನೆಯ ಕಟ್ಟೆಯ ಅಮೃತಶಿಲೆಯ ಮೇಲೆ ನಿಂಬೆರಸ ಚೆಲ್ಲಿ ಉಳಿದ ಮಂಕು ಕಲೆಯನ್ನು ದಿನವೂ ನೋಡುವವಳಿಗೆ, ಆಸಿಡ್ ಕೋಟಿಂಗಿಗಿಂತ ಮೊದಲು ಕಲ್ಲನ್ನೇ ತಿನ್ನುತ್ತದೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಎರಡನೆಯ ಬಾರಿ ಬಂದವರು ಕಲಬುರಗಿ ಕಡೆಯ ಮೇಸ್ತ್ರಿ. ಯಂತ್ರವನ್ನು ಬಾಗಿಲಲ್ಲೇ ಬಿಟ್ಟು ಮಗಳ ಉಗುರುಬಣ್ಣ ಅಳಿಸುವ ದ್ರವವನ್ನು ಕೇಳಿದರು. ಹತ್ತಿಯನ್ನು ಅದರಲ್ಲಿ ಅದ್ದಿ ಮೂಲೆಯಲ್ಲಿ ಎರಡು ನಿಮಿಷ ಒತ್ತಿಟ್ಟು ತೆಗೆದಾಗ ಅಲ್ಲಿನ ಮೇಲ್ಪದರ ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿಕೊಂಡಿತು. "ಅಕ್ಕಾರ, ಇದು ಅಕ್ರಿಲಿಕ್ ಅದ. ಎಪಾಕ್ಸಿ ಇದ್ದಿದ್ರ ಹಿಂಗ ಮೆತ್ತಗ ಆಗ್ತಿರಲಿಲ್ಲ, ಉಜ್ಜೇ ತೆಗೀಬೇಕಾಗ್ತಿತ್ತು," ಎಂದರು.

ಕೋಟಿಂಗನ್ನು ಕರಗಿಸಿ ಬಿಡಿಸುವ ಕ್ಷಾರದ ದ್ರಾವಣವಾದ ಸ್ಟ್ರಿಪ್ಪರನ್ನು ನೀರಿನಲ್ಲಿ ಬೆರೆಸಿ, ಒಮ್ಮೆಗೆ ಒಂದು ಚಾಪೆಯಷ್ಟು ಜಾಗಕ್ಕೆ ಮಾತ್ರ ಹರಡಿ, ಹತ್ತು ಹದಿನೈದು ನಿಮಿಷ ಒಣಗಲು ಬಿಡದೆ ಕಾಯುವುದೇ ಆ ದಿನದ ಮುಖ್ಯ ಕೆಲಸವಾಗಿತ್ತು. ಒಣಗಿದರೆ ಕರಗಿದ್ದೆಲ್ಲ ಮತ್ತೆ ಗಟ್ಟಿಯಾಗಿ ಕೂರುತ್ತದೆಂದು ಅವರು ಫ್ಯಾನನ್ನೂ ಹಾಕಗೊಡಲಿಲ್ಲ, ಕಿಟಕಿಗಳಷ್ಟೇ ತೆರೆದಿದ್ದವು. ಬ್ರಷ್ಷಿನಿಂದ ತಿಕ್ಕಿದಾಗ ಎದ್ದ ಬೂದುಬಣ್ಣದ ಲೋಳೆಯನ್ನು ಮೋರಿಗೆ ಬಿಡದೆ ಬಕೆಟ್ಟಿನಲ್ಲಿ ತುಂಬಿದರು. ಕಪಾಟಿನ ಬದಿಗೆ ಇದೇ ಕ್ರಮ ಎರಡು ಸಲ ಬೇಕಾಯಿತು. ಯಂತ್ರ ತಲುಪದ ಮೂಲೆಗಳಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬ್ಲೇಡಿನಿಂದ ಕೆರೆದವಳು ನಾನೇ. ಬಿಳಿಯ ಸಿಪ್ಪೆಗಳು ಸುರುಳಿಸುರುಳಿಯಾಗಿ ಏಳುತ್ತಿದ್ದವು. ಕೊನೆಗೆ ಬರೀ ನೀರಿನಿಂದ ಮೂರು ಸಲ ಒರೆಸಿದರು. ಬೆರಳಿಗೆ ಸೋಪಿನ ಜಾರಿಕೆ ಹತ್ತಿದರೆ ಕ್ಷಾರ ಇನ್ನೂ ಇದೆಯೆಂದೇ ಅರ್ಥವಂತೆ.

ಸಂಜೆ ಒಣಗಿದ ನೆಲ ಮಂಕಾಗಿ, ಹೊಸದಾಗಿ ಗಾರೆ ಮಾಡಿದ ಅಂಗಳದಂತೆ ಕಾಣುತ್ತಿತ್ತು. "ಇದಕ್ಕೇ ಇಷ್ಟು ದುಡ್ಡು ಕೊಟ್ಟದ್ದಾ?" ಎಂದರು ಅಮ್ಮ. ಮೇಸ್ತ್ರಿ ಮಾತಾಡದೆ ಚೊಂಬಿನ ನೀರನ್ನು ನೆಲಕ್ಕೆ ಚಿಮುಕಿಸಿದರು. ನೀರು ಹನಿಹನಿಯಾಗಿ ನಿಲ್ಲದೆ ಹರಡಿತು, ಅದರಡಿಯಲ್ಲಿ ಹಸಿರು ಚೂರುಗಳು ಎದ್ದುಬಂದವು. ಮರುದಿನ ಯಂತ್ರಕ್ಕೆ 120ರ ತರಿಯ ಪ್ಯಾಡು ಹಾಕಿ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಅದನ್ನು ಬಿಚ್ಚಿ ಅಮ್ಮನಿಗೆ ತೋರಿಸಿದರು. ಪ್ಯಾಡಿಗೆ ಹಾಲಿನಂಥ ಕಲ್ಲಿನ ಕೆಸರು ಬಿಟ್ಟರೆ ಬೇರೇನೂ ಅಂಟಿರಲಿಲ್ಲ.