ಸಂತೆ ಥೀಮ್ ಮತ್ತು ಒಂದು ಅಲಸಂದಿ ಕಾಳು

ಸಂತೆ ಥೀಮ್ ಬಂತೆಂದರೆ ಈಗಲೂ ನಾನು ಮೊದಲು ನೋಡುವುದು ಮಕ್ಕಳ ಕೈಯನ್ನಲ್ಲ, ಮೂಗನ್ನು. ನಮ್ಮ ಸಹಾಯಕಿ ಇದನ್ನು ಎಲ್ಲರಿಗೂ ಹೇಳಿ ನಗುತ್ತಾಳೆ. ನಗಲಿ. ಅವತ್ತು ಅವಳೂ ನಕ್ಕಿರಲಿಲ್ಲ.

ಕೊಪ್ಪಳ ತಾಲೂಕಿನ ಒಂದು ಹಳ್ಳಿಯ ಅಂಗನವಾಡಿ ನಮ್ಮದು. 3ರಿಂದ 6 ವರ್ಷದವರೆಲ್ಲ ಒಂದೇ ಕೋಣೆಯಲ್ಲಿ. ಅಂಗನವಾಡಿಯ ಪಠ್ಯಕ್ರಮ ಚಿಲಿಪಿಲಿಯಲ್ಲಿ ಆಗ ನಮ್ಮೂರು, ಸಂತೆ, ನಮಗೆ ಸಹಾಯ ಮಾಡುವವರು ನಡೆಯುತ್ತಿತ್ತು. ಮೇಲಿನವರ ಪ್ರಕಾರ ಇದು ಚಾರ್ಟಿನ ಕೆಲಸ. ಪೊಲೀಸ್, ಪೋಸ್ಟ್‌ಮ್ಯಾನ್, ಡಾಕ್ಟರ್ ಚಿತ್ರ ತೋರಿಸಿ, ಹೆಸರು ಹೇಳಿಸಿ, ಫೋಟೊ ಹಾಕಿ, ಮುಗೀತು. ಪೋಷಕರದು ಬೇರೆ ಅವಸರ. "ಪಾಟಿ ಮ್ಯಾಲೆ ಅ, ಆ ಯಾವಾಗ ಬರಸ್ತೀರಿ ಟೀಚರ್?"

ಬರೆಸಬಹುದು. ಆದರೆ ಬರೆಯುವ ಕೈ ತಯಾರಾಗಿರಬೇಕಲ್ಲ? ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವೆಲ್ಲ ಬರೀ ಮೆದು ಎಲುಬು. ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ, ಕೊನೆಯದರ ಸರದಿ ಬರುವಾಗ ಮಗು ಸುಮಾರು 8ರಿಂದ 12 ವರ್ಷದ್ದಾಗಿರುತ್ತದೆ. ಮೂರು ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳಿನಿಂದ ಗೀಚುತ್ತದೆ. ಮೂರು ಬೆರಳಿನ ಹಿಡಿತ ಚೆನ್ನಾಗಿ ಕೂರುವುದು ಹೆಚ್ಚುಕಡಿಮೆ 4ರಿಂದ 6ರೊಳಗೆ. ಅಲ್ಲಿಯವರೆಗೆ ಆ ಬೆರಳುಗಳಿಗೆ ಬೇಕಾದ್ದು ಚಿವುಟುವುದು, ಹಿಸುಕುವುದು, ತಿರುಚುವುದು, ಗಂಟು ಹಾಕುವುದು. ಇದೆಲ್ಲ ಸಂತೆಯಲ್ಲಿ ಸಿಗುತ್ತದೆ. ಅದಕ್ಕೇ ಕೋಣೆಯಲ್ಲೇ ಸಂತೆ ಹೂಡಿದ್ದೆ. ರಟ್ಟಿನ ತಕ್ಕಡಿ, ಕಾಗದದ ನೋಟು, ಬಟ್ಟೆಯ ಸಂಚಿ, ಬಟ್ಟಲುಗಳಲ್ಲಿ ಬೆರೆಸಿಟ್ಟ ಕಾಳು. ಆರಿಸಿ ಬೇರೆ ಮಾಡುವವರು ವ್ಯಾಪಾರಿಗಳು, ಉಳಿದವರು ಗಿರಾಕಿಗಳು.

ಮೂರು ವರ್ಷದವರು ಕಾಳು ನುಂಗಿಬಿಡುತ್ತಾರೆ ಅಂತ ಅವರನ್ನು ಆಚೆ ಕೂರಿಸಿ ಸಹಾಯಕಿಗೆ ಒಪ್ಪಿಸಿದ್ದೆ. ಐದು ದಾಟಿದವರ ಬಗ್ಗೆ ಯೋಚನೆಯೇ ಇರಲಿಲ್ಲ. ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಅದೇ ಹೊತ್ತಿಗೆ ಸೂಪರ್‌ವೈಸರ್ ಮೇಡಂ ಬಂದರು. ರಿಜಿಸ್ಟರ್ ಬಿಡಿಸಿದರು. ನಾವು ಮಾಹಿತಿ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ ಎಂದಿನಂತೆ ಸುತ್ತುತ್ತಾ ಕೂತಿತ್ತು. ಮೊಬೈಲನ್ನು ಕಿಟಕಿಗೆ ಹಿಡಿದು ನೆಟ್‌ವರ್ಕ್ ಹುಡುಕುತ್ತಿದ್ದೆ. ಆಗ ನಮ್ಮ ಸಂತೆಯ ಅತಿ ಜಾಣ ವ್ಯಾಪಾರಿ ಬಂದು ಸೆರಗು ಜಗ್ಗಿದಳು.

"ಟೀಚರ್, ಒಳಗ ಹೋತ್ರಿ."

ತಲೆ ಎತ್ತಿ ನೋಡಿದೆ. ಮೂಗಿನ ಹೊಳ್ಳೆಯೊಳಗಿಂದ ಅಲಸಂದಿಯ ಕಪ್ಪು ಕಣ್ಣು ನನ್ನನ್ನೇ ನೋಡುತ್ತಿತ್ತು.

ಮೇಡಂ ತಲೆಯಿಂದ ಹೇರ್‌ಪಿನ್ ತೆಗೆದು ಕೊಟ್ಟರು. ನಾನೂ ಇಸಕೊಂಡೆ! ಪಿನ್ ಹತ್ತಿರ ಬರುತ್ತಲೇ ಹುಡುಗಿ ತಲೆ ಹಿಂದಕ್ಕೆ ಎಳೆದಳು, ಜೋರಾಗಿ ಅತ್ತಳು. ಕಾಳು ಕಾಣದಾಯಿತು. ಪಕ್ಕದ ಮನೆಯ ಅಜ್ಜಿ ನಶ್ಯದ ಡಬ್ಬಿ ಹಿಡಿದು ಓಡಿ ಬಂದಳು, ಸೀನಿದರೆ ಹಾರಿ ಬೀಳುತ್ತದಂತೆ. ಸಹಾಯಕಿ ಅಡ್ಡ ನಿಂತಳು. "ಬ್ಯಾಡ್ರಿ, ಮ್ಯಾಲಕ್ಕ ಎಳಕೊಂಡ್ರ?" ಆ ಕೋಣೆಯಲ್ಲಿ ಆಗ ಬುದ್ಧಿ ನೆಟ್ಟಗಿದ್ದವಳು ಅವಳೊಬ್ಬಳೇ. ಹೊಲದಿಂದ ತಾಯಿ ಬರುವವರೆಗೆ ನಾನು ಮಾಡಿದ್ದು ಒಂದೇ. ಮಗುವನ್ನು ತೊಡೆಯ ಮೇಲೆ ಕೂರಿಸಿ ಬಾಯಲ್ಲಿ ಉಸಿರಾಡು ಅಂತ ಹೇಳುತ್ತಾ, ಹಾಡು ಹೇಳಿಸಿದ್ದು. ಬೈಕಿನಲ್ಲೂ ಅದೇ ಹಾಡು.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಕೂಗಾಡಲಿಲ್ಲ. ತಾಯಿಗೆ ಹೇಳಿಕೊಟ್ಟರು. ಖಾಲಿ ಇದ್ದ ಹೊಳ್ಳೆ ಒತ್ತಿ ಹಿಡಿದು, ಮಗುವಿನ ಬಾಯಿಗೆ ಬಾಯಿ ಇಟ್ಟು ಒಮ್ಮೆ ಊದಬೇಕು. ಎರಡನೇ ಸಲಕ್ಕೆ ಕಾಳು ತಾಯಿಯ ಕೆನ್ನೆಗೇ ಬಡಿಯಿತು. ಆಗಲೇ ತೇವಕ್ಕೆ ಸಿಪ್ಪೆ ಸುಕ್ಕಾಗಿತ್ತು. ತಡವಾದಷ್ಟೂ ಕಾಳು ಉಬ್ಬಿ ಬಿಗಿಯಾಗುತ್ತದೆ, ಪಿನ್ನು ಕಡ್ಡಿ ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ ಅಂದರು. ಆಟಿಕೆಯ ಬಟನ್ ಸೆಲ್, ಅಂದರೆ ಗುಂಡಿಯಂಥ ಸಣ್ಣ ಬ್ಯಾಟರಿ ಆಗಿದ್ದರೆ ಇನ್ನೂ ಅಪಾಯ. ಕೆಲವೇ ಗಂಟೆಯಲ್ಲಿ ಒಳಗೆ ಸುಡುತ್ತದೆ, ಒಂದು ನಿಮಿಷವೂ ಕಾಯಬಾರದು.

ಮುಂದಿನ ಸರ್ಕಲ್ ಮೀಟಿಂಗಿನಲ್ಲಿ ತೀರ್ಪು ಬಂತು: ಬಿಡಿ ಸಾಮಾನು ಬೇಡ, ಚಾರ್ಟ್ ಸಾಕು. ಹೇರ್‌ಪಿನ್ ವಿಷಯ ಯಾರೂ ಎತ್ತಲಿಲ್ಲ. ಇದೇ ಧೋರಣೆಯಿಂದ ನಮ್ಮ ಕಿನ್ನಾಳದ ಬಣ್ಣದ ಗೊಂಬೆಗಳು ಬೀರುವಿನಲ್ಲಿ ಕೂತಿವೆ. ಸ್ಥಳೀಯ ಕಲೆ ಅಂತ ತರಿಸಿದ್ದು, ಮುಟ್ಟುವ ಹಾಗಿಲ್ಲ.

ಕಾಳು ಬಿಟ್ಟೆ, ಸಂತೆ ಬಿಡಲಿಲ್ಲ. ಈಗ ಸಂತೆಗೆ ಬರುವುದು ಮೂಗಿಗೆ ಹೋಗದ, ಗಂಟಲಿಗೆ ಸಿಕ್ಕಿಕೊಳ್ಳದ ಸಾಮಾನು ಮಾತ್ರ. ಅಳತೆ ದೊಡ್ಡವರದಲ್ಲ, ಕೋಣೆಯಲ್ಲಿರುವ ಅತಿ ಚಿಕ್ಕ ಮಗುವಿನದು. ಶೇಂಗಾ ಸುಲಿಯುವುದು ಬೆರಳಿಗೆ ಬಹಳ ಒಳ್ಳೆಯದೇ, ಆದರೆ ಬೀಜ ಗಂಟಲಿಗೆ ಅಪಾಯ, ಅದೂ ಔಟ್. ಮೆಂತ್ಯ ಸೊಪ್ಪು ಸೋಸುತ್ತಾರೆ. ಒಂದೊಂದೇ ಎಲೆ ಚಿವುಟುವುದು ಹೆಬ್ಬೆರಳು, ತೋರುಬೆರಳಿನ ಕೆಲಸ. ದೊಡ್ಡವರು ಕೊತ್ತಂಬರಿ ಸಿವುಡಿಗೆ ಗಂಟು ಹಾಕುತ್ತಾರೆ, ಚಿಕ್ಕವರು ಬಟ್ಟೆ ಕ್ಲಿಪ್ಪು ಸಿಕ್ಕಿಸುತ್ತಾರೆ. ಕಂಡಕ್ಟರ್ ಆದವನು ಟಿಕೆಟ್ ಹರಿಯುತ್ತಾನೆ. ಪೋಸ್ಟ್‌ಮ್ಯಾನ್ ಕಾಗದ ಮಡಿಚಿ ಲಕೋಟೆಗೆ ತುರುಕುತ್ತಾನೆ. ಮಾಡುತ್ತಾ ಮಾಡುತ್ತಾ ಯಾರ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಅನ್ನುವ ಮಾತು ತಾನಾಗೇ ಬರುತ್ತದೆ.

ಜೂನ್ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಕೇಳುವುದೇ ಬೇಡ. ಎರಿ ಮಣ್ಣು ನಾದುವುದಕ್ಕೆ ಅಂಗೈ, ಕೋಡು ಎಳೆಯುವುದಕ್ಕೆ ಬೆರಳ ತುದಿ. ಎತ್ತು ಯಾರದು, ಬಿತ್ತನೆ ಆಯಿತಾ, ಬಾಡಿಗೆ ಟ್ರ್ಯಾಕ್ಟರ್ ಎಷ್ಟು ಎಂಬ ಚರ್ಚೆಯೂ ಪುಕ್ಕಟೆ. ಅದಾದ ಮೇಲೆ ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ ಪೂಜಿಸುವ ವಾರಗಳು, ಮತ್ತೆ ಮಣ್ಣು.

ಹೊಸ ತಕರಾರು ಮೊನ್ನೆ ಬಂದಿದೆ. ಸೊಪ್ಪು ಸೋಸುವ ಫೋಟೊ ನೋಡಿ ಮೇಡಂ ಫೋನ್ ಮಾಡಿದರು. "ಮಕ್ಕಳ ಕೈಲಿ ಅಡುಗೆ ಕೆಲಸ ಮಾಡಿಸ್ತಾರೆ ಅಂತ ಯಾರಾದ್ರೂ ವಾಟ್ಸಾಪಿಗೆ ಹಾಕಿದ್ರೆ?" ಅವರ ಭಯ ಸುಳ್ಳಲ್ಲ, ಕಾಲ ಹಾಗಿದೆ. ಈಗ ಫೋಟೊ ತೆಗೆಯುವ ಮೊದಲು ಸೊಪ್ಪಿನ ರಾಶಿಯ ಹಿಂದೆ ದೊಡ್ಡಕ್ಷರದಲ್ಲಿ ಬರೆದ ಚಾರ್ಟ್ ನೇತು ಹಾಕುತ್ತೇನೆ: ಥೀಮ್ – ಸಂತೆ. ಮೇಡಂಗೂ ಸಮಾಧಾನ, ಚಾರ್ಟಿಗೂ ಒಂದು ಕೆಲಸ ಸಿಕ್ಕಿತು.