ದ್ರಾಕ್ಷಿ ಅದ್ದುವ ಕೈಗಳ ಕಾಣದ ಗಾಯ

ಫೆಬ್ರುವರಿ ಬಂತೆಂದರೆ ತಿಕೋಟಾ, ಬಬಲೇಶ್ವರದ ಕಡೆಯ ಒಣದ್ರಾಕ್ಷಿ ಶೆಡ್‌ಗಳಲ್ಲಿ ಕೆಲಸ ಶುರುವಾಗುತ್ತದೆ. ಅದರ ಬೆನ್ನಿಗೇ ವಿಜಯಪುರದಲ್ಲಿರುವ ನನ್ನ ಚರ್ಮರೋಗ ಕ್ಲಿನಿಕ್ಕಿಗೆ ಕೈ ತೋರಿಸಲು ಬರುವವರೂ ಹೆಚ್ಚುತ್ತಾರೆ. ಕೊಯ್ದ ಗೊನೆಗಳನ್ನು ಶೆಡ್ಡಿನ ಜಾಳಿಗೆಯ ಮೇಲೆ ಹರವುವ ಮೊದಲು ಕ್ರೇಟಿನ ಸಮೇತ ಒಂದು ದ್ರಾವಣದಲ್ಲಿ ಅದ್ದುತ್ತಾರೆ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಈಥೈಲ್ ಓಲಿಯೇಟ್ ಎಂಬುದು ರೂಢಿಯ ಅಳತೆ. ಎರಡನೆಯದನ್ನು ಎಲ್ಲರೂ ಡಿಪ್ಪಿಂಗ್ ಆಯಿಲ್ ಎಂದೇ ಕರೆಯುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿರುವ ಮೇಣದ ಹೊದಿಕೆ ಇದರಿಂದ ಸಡಿಲಗೊಂಡು, ಒಳಗಿನ ನೀರು ಬೇಗ ಹೊರಬಂದು, ಅದ್ದದೆ ಒಣಗಿಸಿದ್ದಕ್ಕಿಂತ ಎಷ್ಟೋ ದಿನ ಮೊದಲೇ ಒಣದ್ರಾಕ್ಷಿ ಸಿದ್ಧವಾಗುತ್ತದೆ. ದ್ರಾವಣದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 11ರ ಆಸುಪಾಸಿನಲ್ಲಿರುತ್ತದೆ, ಅಂದರೆ ಅದು ಗಟ್ಟಿ ಕ್ಷಾರ.

ಕಳೆದ ಹಂಗಾಮಿನಲ್ಲಿ ಐವತ್ತರ ಆಚೆಯ ಒಬ್ಬ ಹೆಣ್ಣುಮಗಳು ಸಂಜೆ ಹೊತ್ತಿಗೆ ಬಂದರು. ಕೈಗವಸು ಹಾಕಿಕೊಂಡೇ ಕೆಲಸ ಮಾಡಿದ್ದರು, ಆದರೆ ಮೇಲಿನ ಅಂಚಿನಿಂದ ದ್ರಾವಣ ಒಳಗಿಳಿದು ಮಧ್ಯಾಹ್ನವಿಡೀ ಬಲಗೈ ಅದರಲ್ಲೇ ನೆನೆದಿತ್ತು. ಮೊದಲು ತೋರಿಸಿದ ಕಡೆ ಮುಲಾಮು ಬರೆದು ಕಳಿಸಿದ್ದರಂತೆ. "ಕೆಂಪಾಗಿಲ್ಲ, ಏನೂ ಆಗಿಲ್ಲ ಅಂದ್ರೀ ಅವರು. ಆದರ ಉರಿ ತಡಿಯಾಕ ಆಗವಲ್ದರೀ" ಎಂದರು. ನಾನೂ ನೋಡಿದೆ. ಕೆಂಪು ನಿಜವಾಗಿಯೂ ಕಾಣಲಿಲ್ಲ. ಮಣಿಕಟ್ಟಿನ ಸುತ್ತ ಚರ್ಮ ಒಂದಿಷ್ಟು ಮಿರುಗುತ್ತಿತ್ತು, ಮುಟ್ಟಿದರೆ ಸೋಪು ಸವರಿದಂತೆ ಜಾರುತ್ತಿತ್ತು. ಆ ಜಾರು ಗುಣವೇ ಮೊದಲ ಸುಳಿವು, ಏಕೆಂದರೆ ಕ್ಷಾರವು ಚರ್ಮದ ಕೊಬ್ಬನ್ನು ಕರಗಿಸಿ ಸೋಪಾಗಿಸುತ್ತದೆ. ಆಮ್ಲ ಬಿದ್ದಾಗ ಮೇಲಿನ ಪದರ ಹೆಪ್ಪುಗಟ್ಟಿ ತಾನೇ ಒಂದು ತಡೆಯಾಗುವುದುಂಟು. ಕ್ಷಾರ ಹಾಗಲ್ಲ, ಅಂಗಾಂಶವನ್ನು ಕರಗಿಸುತ್ತಾ ಒಳಗಿಳಿಯುತ್ತದೆ.

ಕೆಂಪು ಬಣ್ಣವನ್ನೇ ಗಾಯದ ಗುರುತೆಂದು ಹಿಡಿಯುವುದು ನಮ್ಮ ಜನರ ಮಟ್ಟಿಗೆ ದೊಡ್ಡ ತಪ್ಪು. ನಾವು ಓದಿ ಬಂದ ಪಠ್ಯಗಳ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ಬಿಸಿಲಲ್ಲಿ ದುಡಿದು ಕಪ್ಪಾದ ಕೈಯಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಆ ಕೆಂಪನ್ನು ಮುಚ್ಚಿಬಿಡುತ್ತದೆ; ಬಣ್ಣ ಅಳೆಯುವ ಯಂತ್ರಕ್ಕೂ ಈ ತೊಡಕು ತಪ್ಪಿದ್ದಲ್ಲ. ನೋವಿದೆ ಎನ್ನುವ ಹೆಣ್ಣುಮಗಳಿಗೆ ಏನೂ ಆಗಿಲ್ಲವೆಂದು ಹೇಳಿ ಕಳಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚರ್ಮದ ತುಣುಕು ಕತ್ತರಿಸಿ ಬಯಾಪ್ಸಿ ಮಾಡಿದರೆ ಆಳ ತಿಳಿದೀತು, ನಿಜ. ಆದರೆ ಅದು ಗಾಯದ ಮೇಲೊಂದು ಗಾಯ. ಮರುದಿನ ಅದೇ ಜಾಗವನ್ನು ಮತ್ತೆ ನೋಡುವಂತೆಯೂ ಇಲ್ಲ.

ಕತ್ತರಿಸದೆ, ಚುಚ್ಚದೆ ಅಳೆಯುವ ದಾರಿಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಪಿಎಚ್ ಕಾಗದ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಸುಮಾರು 5. ಅವರು ಕೈ ತೊಳೆದುಕೊಂಡೇ ಬಂದಿದ್ದರೂ, ಒದ್ದೆ ಮಾಡಿ ಕಾಗದ ಒತ್ತಿದಾಗ ಅದು ಕಡುಹಸಿರಾಯಿತು, ಅಂದರೆ ಕ್ಷಾರ ಇನ್ನೂ ಅಲ್ಲೇ ಇತ್ತು. ನಲ್ಲಿಯ ಕೆಳಗೆ ಅರ್ಧ ಗಂಟೆ ಕೈ ಹಿಡಿಸಿದೆ. ತೊಳೆದ ಕೂಡಲೇ ನೋಡಿದರೆ ಬರಿಯ ನೀರಿನ ಪಿಎಚ್ ಸಿಗುತ್ತದೆ. ಹತ್ತು ಹದಿನೈದು ನಿಮಿಷ ಕಾದರೆ ಒಳಗೆ ಉಳಿದ ಕ್ಷಾರ ಮೇಲೆ ಬರುತ್ತದೆ. ಬಂತು. ಮತ್ತೆ ತೊಳೆಸಿದೆ. ಮೂರನೆಯ ಸಲ ಕಾಗದ ಹಳದಿಯಾಗಿಯೇ ಉಳಿಯಿತು, ಕ್ಷಾರ ಹೋಗಿತ್ತು.

ಆಮೇಲೆ ಗಾಜಿನ ಪಟ್ಟಿಯಿಂದ ಒತ್ತಿ ಬಿಟ್ಟು ರಕ್ತ ಮರಳುವುದನ್ನು ನೋಡಿದೆ, ಎರಡೂ ಕೈಗಳ ಬಿಸುಪನ್ನು ಹೋಲಿಸಿದೆ, ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೊ ತೆಗೆದೆ. ರಕ್ತ ಚೆನ್ನಾಗಿಯೇ ಮರಳುತ್ತಿತ್ತು, ಅಂದರೆ ಗಾಯ ತೀರಾ ಆಳಕ್ಕೆ ಇಳಿದಂತಿರಲಿಲ್ಲ.

ನಾನು ಹೆಚ್ಚು ನೆಚ್ಚುವುದು ಚರ್ಮದಿಂದ ಆವಿಯಾಗಿ ಹೋಗುವ ನೀರಿನ ಅಳತೆಯನ್ನು. ಅಂಗೈಯಲ್ಲಿ ಹಿಡಿಸುವ ಒಂದು ಉಪಕರಣವನ್ನು ಚರ್ಮದ ಮೇಲಿಟ್ಟರೆ, ಒಂದು ಚದರ ಮೀಟರ್ ಚರ್ಮದಿಂದ ಗಂಟೆಗೆ ಎಷ್ಟು ಗ್ರಾಂ ನೀರು ಹೋಗುತ್ತಿದೆಯೆಂದು ಅದು ಹೇಳುತ್ತದೆ. ಮುಂಗೈಯ ಒಳಬದಿಯಲ್ಲಿ ಆ ಅಂಕಿ ಸಾಮಾನ್ಯವಾಗಿ 10ರ ಆಚೀಚೆ ಇರುತ್ತದೆ. ನೀರನ್ನು ಒಳಗೇ ಹಿಡಿದಿಡುವುದು ಕೂದಲೆಳೆಗಿಂತ ತೆಳುವಾದ ಹೊರಪದರ ಮತ್ತು ಅದರ ಕೋಶಗಳ ನಡುವಿನ ಕೊಬ್ಬು; ಅದು ಹಾಳಾದಷ್ಟೂ ಅಂಕಿ ಏರುತ್ತದೆ, ಚರ್ಮದ ಬಣ್ಣ ಯಾವುದೇ ಇರಲಿ. ಅವರ ಬಲ ಮಣಿಕಟ್ಟಿನ ಅಂಕಿ ಎಡಗೈಯದಕ್ಕಿಂತ ಮೂರು ಪಟ್ಟಿಗೂ ಮಿಕ್ಕಿತ್ತು. ದ್ರಾಕ್ಷಿಯ ಮೇಣ ತೆಗೆದು ನೀರು ಹೊರಡಿಸುವ ದ್ರಾವಣ ಅವರ ಕೈಗೂ ಅದನ್ನೇ ಮಾಡಿತ್ತು.

ಈ ಉಪಕರಣಕ್ಕೆ ನಮ್ಮ ಊರಿನ ಹವೆ ಮಾತ್ರ ಒಗ್ಗುವುದಿಲ್ಲ. ಕೋಣೆ 20ರಿಂದ 22 ಡಿಗ್ರಿಯಲ್ಲಿರಬೇಕು, ರೋಗಿ ಹದಿನೈದಿಪ್ಪತ್ತು ನಿಮಿಷ ಸುಮ್ಮನೆ ಕುಳಿತಿರಬೇಕು. ಮಾರ್ಚಿನ ಬಿಸಿಲಲ್ಲಿ ಬಸ್ಸಿಳಿದು ಬಂದವರ ಬೆವರನ್ನೂ ಅದು ಗಾಯವೆಂದೇ ಎಣಿಸುತ್ತದೆ. ಎ.ಸಿ. ಹಾಕಿ ಕೂರಿಸುತ್ತೇನೆ, ಎರಡೂ ಕೈ ಅಳೆಯುತ್ತೇನೆ, ಬಿಡಿ ಅಂಕಿಗಿಂತ ಎರಡರ ಅಂತರವನ್ನು ನಂಬುತ್ತೇನೆ.

ಆಳದ ಸುಟ್ಟಗಾಯಕ್ಕೆ ಇದು ಸಾಲದು. ಅಲ್ಲಿ ಲೇಸರ್ ಡಾಪ್ಲರ್ ಬೇಕು: ಚಲಿಸುವ ರಕ್ತಕಣಗಳಿಗೆ ತಾಗಿ ಮರಳುವ ಬೆಳಕಿನ ಕಂಪನಾಂಕದ ವ್ಯತ್ಯಾಸದಿಂದ ಅದು ಒಳಗಿನ ರಕ್ತಸಂಚಾರದ ನಕ್ಷೆ ಬಿಡಿಸಿ, ಗಾಯ 21 ದಿನಗಳೊಳಗೆ ತಾನೇ ಮಾಯುವುದೋ ಚರ್ಮದ ಕಸಿ ಬೇಕಾಗುವುದೋ ಎಂದು ಅಂದಾಜಿಸಲು ನೆರವಾಗುತ್ತದೆ. ಇಂಥ ಒಂದು ಯಂತ್ರವನ್ನು ಚಿಕಿತ್ಸೆ, ಉಪಕರಣಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ಶಿಫಾರಸು ಮಾಡಿದೆ. ಅದಕ್ಕೂ ಸುಟ್ಟ 48 ಗಂಟೆಗಳ ತನಕ ಕಾಯಬೇಕು, ಏಕೆಂದರೆ ಮೊದಲೆರಡು ದಿನ ಗಾಯದ ಆಳ ಬದಲಾಗುತ್ತಲೇ ಇರುತ್ತದೆ. ಆದ್ದರಿಂದಲೇ ಯಂತ್ರವಿರಲಿ ಇಲ್ಲದಿರಲಿ, ರಾಸಾಯನಿಕ ತಾಗಿದವರನ್ನು ಮೂರನೆಯ ದಿನ ಮತ್ತೆ ಬರಹೇಳುತ್ತೇನೆ.

ಅವರು ಮೂರನೆಯ ದಿನವೂ ಬಂದರು, ಹತ್ತನೆಯ ದಿನವೂ ಬಂದರು. ಮಣಿಕಟ್ಟಿನ ಅಂಕಿ ಎಡಗೈಯ ಸಮೀಪಕ್ಕೆ ಇಳಿದಿತ್ತು, ಬೆರಳ ಸಂದಿಗಳಲ್ಲಿ ಇನ್ನೂ ಇಳಿದಿರಲಿಲ್ಲ. ಕಣ್ಣಿಗೆ ಎರಡೂ ಕೈ ಒಂದೇ ಥರ ಕಾಣುತ್ತಿದ್ದವು. ಇನ್ನೊಂದು ವಾರ ಅದ್ದುವ ಕೆಲಸ ಬೇಡ, ಒಣಗಿದ್ದನ್ನು ಆರಿಸುವ ಕೆಲಸ ಕೊಡಿ ಎಂದು ಚೀಟಿಯಲ್ಲಿ ಬರೆದೆ. ಅವರು ಚೀಟಿಯ ಜತೆಗೆ ಪಿಎಚ್ ಕಾಗದದ ಒಂದು ಪುಸ್ತಕವನ್ನೂ ಕೇಳಿ ಇಸಿದುಕೊಂಡು, ಶೆಡ್ಡಿನಲ್ಲಿ ಉಳಿದವರ ಕೈಗಳನ್ನೂ ನೋಡುತ್ತೇನೆಂದು ಹೇಳಿ ಹೋದರು.