ಕಾಪರ್‌ಮೈನ್ ನದಿಗುಂಟ, ಹೆಸರು ಹಿಡಿದು

ಕೆನಡಾದ ಉತ್ತರದಲ್ಲಿ ಸುಮಾರು 845 ಕಿ.ಮೀ. ಹರಿಯುವ ಕಾಪರ್‌ಮೈನ್ ನದಿಯಲ್ಲಿ ದೋಣಿ ಇಳಿಸುವವರು ನಕ್ಷೆಯಲ್ಲಿರುವ ಹೆಸರುಗಳನ್ನೂ ಓದಿಕೊಂಡೇ ಹೊರಡಬೇಕು. ಎಲ್ಲಿ ಗಾಳಿ ಕಾಡುತ್ತದೆ, ಎಲ್ಲಿ ನೀರು ಬಂಡೆಗೆ ಬಡಿಯುತ್ತದೆ, ಎಲ್ಲಿ ದೋಣಿ ಹೊರಲೇಬೇಕು ಎಂಬುದನ್ನು ಅವು ಹೇಳುತ್ತವೆ.

ನದಿ ಹುಟ್ಟುವುದು ಲ್ಯಾಕ್ ಡ ಗ್ರಾ ಸರೋವರದಲ್ಲಿ. ಈ ಫ್ರೆಂಚ್ ಹೆಸರಿನ ಅರ್ಥ ‘ಕೊಬ್ಬಿನ ಸರೋವರ’. ಅಲ್ಲಿನ ತ್ಲಿಚೋ ಜನರ ಮಾತಿನಲ್ಲಿ ಅದು ಎಕಾತಿ, ಅರ್ಥ ಅದೇ. 1998ರಲ್ಲಿ ಪಕ್ಕದಲ್ಲೇ ಶುರುವಾದ ವಜ್ರದ ಗಣಿಗೂ ಆ ಹೆಸರೇ ಬಂತು. ಇದು ಆರ್ಕ್ಟಿಕ್ ವೃತ್ತಕ್ಕಿಂತ ದಕ್ಷಿಣದ ಜಾಗ. ಇಲ್ಲಿಂದ ನೀರು ಪಾಯಿಂಟ್ ಲೇಕ್, ರೆಡ್‌ರಾಕ್ ಲೇಕ್ ದಾಟಿ ಉತ್ತರಕ್ಕೆ ತಿರುಗುತ್ತದೆ, ಕೆನಡಾದ ವಾಯವ್ಯ ಪ್ರಾಂತ್ಯಗಳಿಂದ ನುನಾವುಟ್ ಪ್ರದೇಶ ಸೇರಿ ಕಡಲಿಗೆ ಇಳಿಯುತ್ತದೆ.

ವಾಯವ್ಯ ಪ್ರಾಂತ್ಯಗಳ ರಾಜಧಾನಿ ಯೆಲ್ಲೋನೈಫ್‌ನಿಂದ ನೀರಿನ ಮೇಲಿಳಿಯುವ ಸಣ್ಣ ವಿಮಾನದಲ್ಲೇ ಇಲ್ಲಿಗೆ ಬರಬೇಕು. ಸರೋವರದ ಹಿಮಗಡ್ಡೆ ಒಡೆಯದೆ ವಿಮಾನ ಇಳಿಯದು, ಗಡ್ಡೆ ಕೆಲವೊಮ್ಮೆ ಜುಲೈ ಮೊದಲ ವಾರದವರೆಗೂ ನಿಂತಿರುತ್ತದೆ. ಹಾಗಾಗಿ ಜುಲೈ ಆರಂಭದಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಹದವಾದ ಕಾಲ. ರೆಡ್‌ರಾಕ್‌ನಿಂದ ಕಡಲಿಗೆ ಎರಡು ವಾರ ಇಟ್ಟುಕೊಂಡು, ಗಾಳಿಗೆಂದೇ ಎರಡು ಮೂರು ದಿನದ ಊಟ ಹೆಚ್ಚಿಗೆ ಕಟ್ಟಿಕೊಳ್ಳಬೇಕು. ತೆರೆದ ಸರೋವರದಲ್ಲಿ ಮಧ್ಯಾಹ್ನದ ಗಾಳಿ ಎಬ್ಬಿಸುವ ಅಲೆ ದೋಣಿಯೊಳಗೇ ಬಂದು ಬೀಳುತ್ತದೆ; ಇರುಳಿಗೆ ಗಾಳಿ ತಗ್ಗುವುದುಂಟು, ಬೆಳಕಿಗೂ ಕೊರತೆಯಿಲ್ಲ. ರಾತ್ರಿ ಹತ್ತರ ಮೇಲೆ ಹುಟ್ಟು ಹಾಕುವುದೇ ಲೇಸು. ಬಿಡಾರಕ್ಕೆ ಮರಳಿನ ಎತ್ತರದ ದಿಬ್ಬ ಆರಿಸಿಕೊಂಡರೆ ಕಪ್ಪು ನೊಣಗಳ ಕಾಟ ಅಷ್ಟು ಕಡಿಮೆ.

ಪಾಯಿಂಟ್ ಲೇಕ್ ಬಳಿ ‘ಅಬ್‌ಸ್ಟ್ರಕ್ಷನ್ ರಾಪಿಡ್ಸ್’ ಇದೆ, ಅಂದರೆ ಅಡ್ಡಿಯ ಇಳುಕಲು. 1821ರ ಸೆಪ್ಟೆಂಬರ್ 26ರಂದು ಕಡಲಿನಿಂದ ಹಸಿದು ಮರಳುತ್ತಿದ್ದ ಬ್ರಿಟಿಷ್ ಅನ್ವೇಷಕ ಜಾನ್ ಫ್ರ್ಯಾಂಕ್ಲಿನ್‌ನ ತಂಡ ಈ ನದಿಯೆದುರು ನಿಂತಿತು. ದೋಣಿಗಳು ಉಳಿದಿರಲಿಲ್ಲ. ವೈದ್ಯ ರಿಚರ್ಡ್‌ಸನ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜಲು ಇಳಿದರು. ತೋಳು ಮರಗಟ್ಟಿತು, ಕಾಲೂ ಸೋತಿತು, ಮುಳುಗುತ್ತಿದ್ದವರನ್ನು ಅದೇ ಹಗ್ಗದಿಂದ ಎಳೆದುಕೊಂಡರು. ಕೊನೆಗೆ ಸೇಂಟ್ ಜರ್ಮೇನ್ ಎಂಬ ದುಭಾಷಿ ವಿಲ್ಲೋ ಕಡ್ಡಿಗಳ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿ ಪುಟ್ಟ ದೋಣಿ ಮಾಡಿದ. ಅಕ್ಟೋಬರ್ 4ರಂದು ಅದರಲ್ಲಿ ಒಬ್ಬೊಬ್ಬರಾಗಿ ದಾಟಿದರು. ಈ ನೀರಿನ ತಣ್ಪು ಇಂದಿಗೂ ಹಾಗೆಯೇ. ದೋಣಿ ಮಗುಚಿದರೆ ಕೆಲವೇ ನಿಮಿಷಗಳಲ್ಲಿ ಬೆರಳು ಹಗ್ಗ ಹಿಡಿಯಲಾರದು. ತೇಲುಕವಚದ ಜೊತೆ ಮೈಗೆ ನೀರು ತಾಗದ ಉಡುಪು ಡ್ರೈಸೂಟ್ ತೊಟ್ಟೇ ಇಳಿಯಬೇಕು. ದೋಣಿಗೆ ನೀರು ನುಗ್ಗದ ಹೊದಿಕೆ ಬೇಕು. ಒಣಬಟ್ಟೆಯ ಚೀಲ ಕೈಗೆ ಸಿಗುವಲ್ಲಿರಬೇಕು.

ಕೆಳಗೆ ‘ರಾಕಿ ಡಿಫೈಲ್’ ಬರುತ್ತದೆ, ಬಂಡೆಗಳ ನಡುವಿನ ಇಕ್ಕಟ್ಟು. ಇನ್ನೂ ಕೆಳಗೆ ‘ಎಸ್ಕೇಪ್ ರಾಪಿಡ್ಸ್’: ಫ್ರ್ಯಾಂಕ್ಲಿನ್ ತಂಡದ ದೋಣಿಗಳು ಕೂದಲೆಳೆಯಲ್ಲಿ ಪಾರಾದ ಜಾಗ. ಎರಡು ಕಡೆಯೂ ತಪ್ಪಾಗುವುದು ಒಂದೇ ರೀತಿ. ತಿರುವಿನ ಹೊರಬದಿಯ ಗೋಡೆಗೆ ಸೆಳವು ದೋಣಿಯನ್ನು ನೂಕುತ್ತದೆ, ಅಲ್ಲೇ ದೊಡ್ಡ ಅಲೆಗಳು ಎದ್ದು ನಿಂತಿರುತ್ತವೆ. ತಿರುವು ಕಂಡ ಮೇಲೆ ದಡ ಹುಡುಕಿದರೆ ಹೊತ್ತು ಮೀರಿರುತ್ತದೆ. ಸದ್ದು ಕೇಳಿದೊಡನೆ ದಡಕ್ಕೆ ಕಟ್ಟಿ, ಬಂಡೆ ಹತ್ತಿ, ನೀರಿನ ದಾರಿಯನ್ನು ಪೂರ್ತಿ ನೋಡಿ ಬರಬೇಕು. ಧೈರ್ಯ ಬರದಿದ್ದರೆ ಸಾಮಾನು ಹೊತ್ತು ನಡೆಯುವುದೇ ಸರಿ.

ಕಡಲಿಗೆ ಸುಮಾರು 15 ಕಿ.ಮೀ. ಇರುವಾಗ ಸಿಗುವುದು ‘ಬ್ಲಡಿ ಫಾಲ್ಸ್’, ಆರ್ಕ್ಟಿಕ್ ಕರಾವಳಿಯ ಮೂಲನಿವಾಸಿಗಳಾದ ಇನ್ಯೂಟ್ ಜನರ ಮಾತಿನಲ್ಲಿ ಕುಗ್ಲುಕ್. ಇಲ್ಲಿ ದೋಣಿಯನ್ನು ಹೊತ್ತೇ ದಾಟಬೇಕು. ಕುಗ್ಲುಕ್ ಎಂದರೆ ಜಲಪಾತ, ನೀರಿನ ವಿಷಯ ಅಷ್ಟೇ. ರಕ್ತದ ಹೆಸರು ಬಂದದ್ದು 1771ರ ಜುಲೈ 17ರಿಂದ. ಅಂದು ಇಂಗ್ಲಿಷ್ ಅನ್ವೇಷಕ ಸ್ಯಾಮ್ಯುಯೆಲ್ ಹರ್ನ್ ಜೊತೆ ಬಂದಿದ್ದ, ಒಳನಾಡಿನ ಮೂಲನಿವಾಸಿಗಳಾದ ಡೆನೆ ಜನರು ಮಲಗಿದ್ದ ಇನ್ಯೂಟ್ ಬಿಡಾರದ ಮೇಲೆ ಬಿದ್ದು ಕೊಂದರು. ಜಲಪಾತದ ಕೆಳಗಿನ ಮಡುವಿನಲ್ಲಿ ಆರ್ಕ್ಟಿಕ್ ಚಾರ್ ಮೀನು ಸೇರುವುದರಿಂದ ಸಾವಿರಾರು ವರ್ಷ ಜನ ಇಲ್ಲಿ ಬಿಡಾರ ಹೂಡಿದ್ದಾರೆ. ಅಷ್ಟು ಕಾಲದ ಬಾಳುವೆಯನ್ನು ಒಂದು ರಾತ್ರಿಯ ಕೊಲೆಯ ಹೆಸರಿನಡಿ ಮುಚ್ಚಿಡುವುದು ನ್ಯಾಯವಲ್ಲ. ಕುಗ್ಲುಕ್ ಎಂದೇ ಕರೆಯುವುದು ಒಳ್ಳೆಯದು. ಹಳೆಯ ಮನೆಗಳ ಗುರುತುಳ್ಳ ಕಲ್ಲುಗಳನ್ನು ಡೇರೆಗೆ ಭಾರವಿಡಲು ಎತ್ತಬಾರದು.

ಹರ್ನ್ ಹುಡುಕಿ ಬಂದದ್ದು ತಾಮ್ರವನ್ನು. ಗಣಿ ಎಂದದ್ದು ಬರೀ ಕಲ್ಲುಗುಂಡಿನ ರಾಶಿ. ನಾಲ್ಕು ತಾಸು ಹುಡುಕಿ ಸಿಕ್ಕಿದ್ದು ಸುಮಾರು 1.8 ಕಿಲೋದ ಒಂದು ತುಂಡು. ತಾಮ್ರದ ಅಲಗಿನಿಂದಲೇ ‘ಹಳದಿ ಚೂರಿ’ಯವರು ಎನಿಸಿಕೊಂಡ ಡೆನೆ ಜನರ ಹೆಸರೇ ಯೆಲ್ಲೋನೈಫ್ ನಗರಕ್ಕೂ ನಿಂತಿತು. ಹರ್ನ್ ಬರೆದ ಅಕ್ಷಾಂಶ ಮಾತ್ರ ತಪ್ಪು: ನದೀಮುಖವನ್ನು ಆತ 72 ಡಿಗ್ರಿಯ ಹತ್ತಿರ ಇಟ್ಟ, ಅದಿರುವುದು 68ಕ್ಕೂ ತುಸು ಕೆಳಗೆ. ನೆಲದ ಮೇಲೆ ಅದು 400 ಕಿ.ಮೀ.ಗೂ ಮೀರಿದ ವ್ಯತ್ಯಾಸ.

ನದೀಮುಖದ ಊರು 1996ರ ಜನವರಿ 1ರಂದು ಕಾಪರ್‌ಮೈನ್ ಹೆಸರು ಬಿಟ್ಟು ಕುಗ್ಲುಕ್ಟುಕ್ ಆಯಿತು. ‘ನೀರು ಹರಿಯುವ ಜಾಗ’ ಎಂದು ಅದರ ಅರ್ಥ ಹೇಳುತ್ತಾರೆ. ಯೆಲ್ಲೋನೈಫ್‌ಗೆ ವಿಮಾನ ಇಲ್ಲಿಂದಲೇ. ಮಡಚುವ ದೋಣಿಯಾದರೆ ಲಗೇಜಿನಲ್ಲಿ ಹೋಗುತ್ತದೆ, ಗಟ್ಟಿ ದೋಣಿಗೆ ಸರಕು ಸಾಗಣೆಯನ್ನು ಹೊರಡುವ ಮೊದಲೇ ಗೊತ್ತುಮಾಡಿರಬೇಕು. ಕರಡಿ ಸ್ಪ್ರೇ, ಒಲೆಯ ಇಂಧನ ವಿಮಾನ ಹತ್ತುವಂತಿಲ್ಲ. ಚೀಲಕ್ಕೆ ಅಂಟಿಸುವ ಚೀಟಿಯಲ್ಲಿ ಈ ಊರಿನ ವಿಮಾನ ನಿಲ್ದಾಣದ ಸಂಕೇತ ಇಂದಿಗೂ ವೈಸಿಒ (YCO). ಊರು ಕಾಪರ್‌ಮೈನ್ ಆಗಿದ್ದ ಕಾಲದ ಅಕ್ಷರಗಳು.